ಬುದ್ಧಿ ಹೇಳುವುದನ್ನು ಬಿಡುವ ವಿದ್ಯೆ

ಕುಡಿಯುವವರಿಗೆ ಬುದ್ಧಿ ಹೇಳದವರು ನಮ್ಮ ಊರುಗಳಲ್ಲಿ ಯಾರಿದ್ದಾರೆ? ಹೆಂಡತಿ ಅತ್ತು ಹೇಳುತ್ತಾಳೆ. ತಾಯಿ ತಲೆ ಮುಟ್ಟಿಸಿ ಆಣೆ ಹಾಕಿಸುತ್ತಾಳೆ. ಹೆಣ್ಣು ಕೊಟ್ಟ ಮಾವ ನಾಲ್ಕು ಜನ ಹಿರಿಯರನ್ನು ಸೇರಿಸಿ ಪಂಚಾಯಿತಿ ಮಾಡುತ್ತಾರೆ. ಡಾಕ್ಟರು ಸ್ಕ್ಯಾನಿಂಗ್ ರಿಪೋರ್ಟು ತೋರಿಸಿ, ಲಿವರ್ ಹೋಗಿದೆ ಎಂದು ಹೆದರಿಸುತ್ತಾರೆ. ದೇವರ ಮುಂದೆ ಕರ್ಪೂರ ಹಚ್ಚಿ ಪ್ರಮಾಣ ಮಾಡಿಸುವುದೂ ಉಂಟು. ಇಷ್ಟೆಲ್ಲ ಆದ ಮೇಲೂ ಸಂಜೆಯಾದರೆ ಕಾಲು ಅದೇ ಅಂಗಡಿಯ ಕಡೆಗೆ ನಡೆಯುವ ಮನೆಗಳು ಎಷ್ಟೋ ಇವೆ. ಹಾಗಿದ್ದರೆ ವ್ಯಸನದಿಂದ ಹೊರತರುವ ಕೆಲಸವನ್ನೇ ಸ್ನಾತಕೋತ್ತರ ಮಟ್ಟದಲ್ಲಿ ವರ್ಷಗಟ್ಟಲೆ ಓದುವವರು ಅಲ್ಲಿ ಏನು ಕಲಿಯುತ್ತಾರೆ? ಇವತ್ತಿನ ಮಾತು ಆ ಓದಿನ ಕುರಿತು.

ಮೊದಲು ಅಗತ್ಯದ ಅಳತೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಸಂಸ್ಥೆಯಿಂದ ಮಾಡಿಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ ಐದೂಮುಕ್ಕಾಲು ಕೋಟಿಯಷ್ಟು ಜನರ ಕುಡಿತ ನೆರವು ಬೇಕಾಗುವ ಹಂತ ಮುಟ್ಟಿದೆ. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತೆಂದು ಹೇಳಿದವರು 38 ಜನರಿಗೆ ಒಬ್ಬರು. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180 ಜನರಿಗೆ ಒಬ್ಬರು. ಗಾಂಜಾ, ಅಫೀಮಿನ ಬಗೆಗಳು, ನಿದ್ರೆಮಾತ್ರೆ, ತಂಬಾಕು ಇವೆಲ್ಲ ಬೇರೆ ಲೆಕ್ಕ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು; ಪ್ಯಾಕೆಟ್ ಹೋಯಿತು, ಕುಡಿತ ಉಳಿಯಿತು. ನೆರವು ಬೇಕಾದ ಇಷ್ಟು ಜನರ ಎದುರು ಕುಳಿತು ಮಾತಾಡಲು ತರಬೇತಾದವರು ನಮ್ಮಲ್ಲಿ ತೀರ ಕಡಿಮೆ.

ಈ ಓದಿಗೆ ದಾರಿ ಹಲವು. ಅಮೆರಿಕದ ಮಿನೆಸೋಟಾದಂಥ ಕಡೆ ವ್ಯಸನ ಆಪ್ತಸಮಾಲೋಚನೆ ಎಂಬ ಹೆಸರಿನಲ್ಲೇ ಸ್ನಾತಕೋತ್ತರ ಪದವಿ ಇದೆ. ನಮ್ಮಲ್ಲಿ ಅಂಥದ್ದು ಅಪರೂಪ, ಹೆಚ್ಚಿನವರು ಎಂ.ಎಸ್.ಡಬ್ಲ್ಯು. ಮೂಲಕವೋ ಮನಶ್ಶಾಸ್ತ್ರದ ಎಂ.ಎಸ್ಸಿ. ಮೂಲಕವೋ ಮನೋವೈದ್ಯಕೀಯ ಶುಶ್ರೂಷೆಯ ಮೂಲಕವೋ ಇಲ್ಲಿಗೆ ಬಂದು ಸೇರುತ್ತಾರೆ. ಡಾಕ್ಟರಾದವರು ಮನೋವೈದ್ಯದಲ್ಲಿ ಎಂ.ಡಿ. ಮುಗಿಸಿ, ಮೇಲೆ ಮೂರು ವರ್ಷ ವ್ಯಸನ ಮನೋವೈದ್ಯದ ಡಿ.ಎಂ. ಓದಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ಅವಕಾಶವಿದೆ. ಅಲ್ಲಿನ ವ್ಯಸನ ಚಿಕಿತ್ಸಾ ಕೇಂದ್ರದ ವಾರ್ಡಿನಲ್ಲಿ ಡಾಕ್ಟರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ನರ್ಸುಗಳು ಒಂದೇ ರೋಗಿಯ ಸುತ್ತ ಕೂತು ಚರ್ಚಿಸುತ್ತಾರೆ. ಈ ವಿಷಯ ಒಂದು ಶಾಸ್ತ್ರದ ಕೈಗೆ ಸಿಗುವಂಥದ್ದಲ್ಲ ಎನ್ನುವುದು ವಿದ್ಯಾರ್ಥಿಗೆ ಅಲ್ಲೇ ಮನದಟ್ಟಾಗುತ್ತದೆ.

ಮಾತಿನ ಕೆಲಸ ಕಲಿಯಲು ಬಂದವರೂ ಮೊದಲು ದೇಹವನ್ನು ಓದಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ನಿದ್ರೆ ಹತ್ತುವುದಿಲ್ಲ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದ ಹುಳ ಗೋಡೆಯ ಮೇಲೆ ಹರಿದಂತೆ ಕಾಣುತ್ತದೆ, ಮನೆಯವರ ಗುರುತು ತಪ್ಪುತ್ತದೆ. ಇದಕ್ಕೆ ಮಾತ್ರೆ, ಬಿ-1 ಜೀವಸತ್ವದ ಇಂಜೆಕ್ಷನ್ ಬೇಕು. ಉಪದೇಶದಿಂದ ಆಗುವ ಕೆಲಸವಲ್ಲ. "ಗಂಡಸಾದರೆ ಇವತ್ತಿಂದಲೇ ಬಿಟ್ಟು ತೋರಿಸು" ಎಂದು ಸವಾಲು ಹಾಕಿ, ಬಾಗಿಲು ಹಾಕಿ ಕೂಡಿಹಾಕುವುದರಿಂದ ಪ್ರಾಣವೇ ಹೋಗಬಹುದು. ಯಾರನ್ನು ಮಾತಿಗೆ ಕೂರಿಸಬೇಕು, ಯಾರನ್ನು ತಕ್ಷಣ ಆಸ್ಪತ್ರೆಗೆ ಕಳಿಸಬೇಕು ಎಂಬ ವಿವೇಕ ಈ ಓದಿನ ಮೊದಲ ಮೆಟ್ಟಿಲು.

ಅದಾದ ಮೇಲೆ ಬರುವ ಪಾಠವೇ ಕಷ್ಟದ್ದು, ನನ್ನ ಪಾಲಿಗೆ ಈ ಓದಿನ ತಿರುಳೂ ಅದೇ: ಬುದ್ಧಿ ಹೇಳುವುದನ್ನು ಬಿಡುವುದು.

ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಾರ್ವೆಯ ಬರ್ಗೆನ್ ನಗರದಲ್ಲಿದ್ದಾಗ, ಮದ್ಯವ್ಯಸನಿಗಳ ಜೊತೆ ತಾವು ಹೇಗೆ ಮಾತಾಡುತ್ತೇವೆಂದು ಅಲ್ಲಿನ ಕಿರಿಯ ಸಹೋದ್ಯೋಗಿಗಳಿಗೆ ಮಾಡಿ ತೋರಿಸುತ್ತಿದ್ದರು. ಆ ಕಿರಿಯರು ನಡುನಡುವೆ ತಡೆದು ಕೇಳುತ್ತಿದ್ದರು: ಈ ಪ್ರಶ್ನೆಯನ್ನೇ ಯಾಕೆ ಕೇಳಿದಿರಿ, ಆ ಮಾತನ್ನೇ ಯಾಕೆ ಹಿಡಿದಿರಿ? ಉತ್ತರ ಹುಡುಕುತ್ತ ಹೋದಂತೆ ಒಂದು ಕ್ರಮ ರೂಪುಗೊಂಡಿತು. 1983ರಲ್ಲಿ ಅದನ್ನು ಬರೆದು ಪ್ರಕಟಿಸಿದರು; ಮುಂದೆ ಸ್ಟೀಫನ್ ರೋಲ್ನಿಕ್ ಅವರೊಂದಿಗೆ 1991ರಲ್ಲಿ ಪುಸ್ತಕವಾಯಿತು. ಪ್ರೇರಣಾ ಸಂದರ್ಶನ ಎಂದು ಅದಕ್ಕೆ ಹೆಸರು. ಮಿಲ್ಲರ್ ಮತ್ತು ಅವರ ಜೊತೆಗಾರರು 1993ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. ಸಮಾಲೋಚಕರು ಎಷ್ಟು ಎದುರುವಾದ ಹೂಡಿದರೋ, ಅವರ ಬಳಿ ಬಂದವರು ವರ್ಷದ ನಂತರ ಅಷ್ಟು ಹೆಚ್ಚು ಕುಡಿಯುತ್ತಿದ್ದರು.

ತರಗತಿಯಲ್ಲಿ ಇದನ್ನು ಪಾತ್ರ ಹಾಕಿ ಕಲಿಸುತ್ತಾರೆ. ಒಬ್ಬ ವಿದ್ಯಾರ್ಥಿ ಲಾರಿ ಡ್ರೈವರ್, ಇನ್ನೊಬ್ಬ ಸಮಾಲೋಚಕ ಎಂದುಕೊಳ್ಳಿ. ಡ್ರೈವರ್ ಹೇಳುತ್ತಾನೆ: "ನಾನೇನು ಕುಡುಕ ಅಲ್ಲ ಸಾರ್. ಮೈಕೈ ನೋವಿಗೆ ರಾತ್ರಿ ಒಂದು ಕ್ವಾರ್ಟರ್ ಹಾಕ್ತೀನಿ. ಮನೆಯವಳು ಸುಮ್ನೆ ಎಳ್ಕೊಂಡು ಬಂದಿದಾಳೆ." ಹೊಸ ವಿದ್ಯಾರ್ಥಿ ಥಟ್ಟನೆ ಹೇಳುವುದು: "ದಿನಾ ಕ್ವಾರ್ಟರ್ ಅಂದ್ರೆ ಚಟಾನೇ ಅಲ್ವಾ ಅಣ್ಣ? ಮಕ್ಕಳ ಮುಖ ನೋಡಿಯಾದ್ರೂ ಬಿಡಬಾರದಾ?" ಡ್ರೈವರ್ ಕುರ್ಚಿಯಲ್ಲಿ ಹಿಂದಕ್ಕೆ ಸರಿಯುತ್ತಾನೆ. "ನಮ್ಮ ಲೈನಲ್ಲಿ ಕುಡೀದೇ ಇರೋನು ಯಾರಿದಾನೆ ತೋರ್ಸಿ ಸಾರ್" ಅನ್ನುತ್ತಾನೆ. ಕುಡಿತದ ಪರವಾಗಿ ಅವನೇ ವಕೀಲನಾಗಿ ನಿಂತ.

ಅದೇ ದೃಶ್ಯವನ್ನು ಮತ್ತೆ ಮಾಡಿಸುತ್ತಾರೆ. ಈ ಸಲದ ಉತ್ತರ: "ನಿಮ್ಮ ಮಟ್ಟಿಗೆ ಇದು ಅಂಥ ದೊಡ್ಡ ವಿಷಯ ಅಲ್ಲ. ಆದರೂ ಮನೆಯವರ ಮಾತಿಗೆ ಬೆಲೆ ಕೊಟ್ಟು, ಇವತ್ತಿನ ಬಾಡಿಗೆ ಬಿಟ್ಟು ಬಂದಿದೀರಿ." ಇಷ್ಟು ಹೇಳಿ ಸುಮ್ಮನಿರಬೇಕು. ಆ ಸುಮ್ಮನಿರುವುದು ಅಭ್ಯಾಸವಿಲ್ಲದೆ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಡ್ರೈವರ್ ಬಾಯಿ ಬಿಡುತ್ತಾನೆ: "ಅವಳು ಹೇಳೋದೂ ಪೂರ್ತಿ ಸುಳ್ಳಲ್ಲ ಸಾರ್. ಮೊನ್ನೆ ಬೆಳಿಗ್ಗೆ ಸ್ಟೇರಿಂಗ್ ಹಿಡಿದಾಗ ಕೈ ನಡುಗ್ತಿತ್ತು." ಸಮಾಲೋಚಕ ಕಾಯುತ್ತಿದ್ದುದು ಈ ಮಾತಿಗೆ. ಬಿಡಬೇಕಾದ ಕಾರಣ ಕುಡಿಯುವವನ ಬಾಯಿಂದಲೇ ಬಂದರೆ ಅದಕ್ಕೆ ಇರುವ ಬಲವೇ ಬೇರೆ. ಕೇಳಿದರೆ ಸುಲಭ ಅನಿಸುತ್ತದೆ. ಆದರೆ ತಮ್ಮ ಮಾತುಕತೆಯ ಧ್ವನಿಮುದ್ರಣವನ್ನು ಮೇಲ್ವಿಚಾರಕರ ಎದುರು ಕೇಳಿಸಿಕೊಂಡ ವಿದ್ಯಾರ್ಥಿಗೆ, ತಾನು ಎಷ್ಟು ಸಲ ಅಡ್ಡಬಾಯಿ ಹಾಕಿದ್ದೇನೆ ಎಂಬುದು ಆಗ ಗೊತ್ತಾಗುತ್ತದೆ.

ಇನ್ನೊಂದು ದೊಡ್ಡ ಪಾಠ, ಬಿಟ್ಟ ಮೇಲೆ ಮತ್ತೆ ಹಿಡಿಯುವುದರ ಬಗ್ಗೆ. ನಮ್ಮಲ್ಲಿ ಇದಕ್ಕೆ ಒಂದೇ ತೀರ್ಪು: ನಾಯಿ ಬಾಲ ಡೊಂಕು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಈ ಮರುಕಳಿಕೆಯನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಒಂದು ಸಲ ಜಾರುವುದು ಬೇರೆ, ಪೂರ್ತಿ ಹಳೆಯ ಸ್ಥಿತಿಗೆ ಮರಳುವುದು ಬೇರೆ ಎಂದು ತೋರಿಸಿದರು. ಎರಡರ ನಡುವೆ ಸೇತುವೆ ಕಟ್ಟುವುದು "ಒಂದು ಗುಟುಕು ಹೋಯ್ತಲ್ಲ, ಇನ್ನೇನು, ಎಲ್ಲ ಮುಗೀತು" ಎನ್ನುವ ಅಪರಾಧಭಾವ. ಹಾಗಾಗಿ ಜಾರಿದ ದಿನ ಬೈಗುಳ ತಿಂದವನು ಇನ್ನಷ್ಟು ಆಳಕ್ಕೆ ಇಳಿಯುತ್ತಾನೆ. ಮಾರನೆಯ ಬೆಳಿಗ್ಗೆಯೇ ಸಮಾಲೋಚಕರ ಬಳಿ ಬಂದು ಹೇಳಿಕೊಳ್ಳುವ ಧೈರ್ಯ ಇದ್ದವನು ದಡ ಸೇರಬಹುದು. ಅಪಾಯದ ಹೊತ್ತುಗಳನ್ನು ಮೊದಲೇ ಗುರುತಿಸಿ ತಯಾರಾಗುವುದೂ ಚಿಕಿತ್ಸೆಯ ಭಾಗ. ಇದಕ್ಕೆ ಪಠ್ಯಪುಸ್ತಕದ ಪಟ್ಟಿ ಸಾಲದು. ಸಂಬಳದ ದಿನ, ಊರಹಬ್ಬದ ಬಾಡೂಟ, ಮದುವೆಯ ಹಿಂದಿನ ರಾತ್ರಿಯ ಛತ್ರದ ಹಿಂಬದಿ, ಚುನಾವಣೆಯ ವಾರ, ಸಾವಿನ ಮನೆಯಿಂದ ಬಂದ ಸಂಜೆ ಇವನ್ನೆಲ್ಲ ಅರಿತ ಸ್ಥಳೀಯ ಸಮಾಲೋಚಕರು ಬೇಕು. "ಒಂದೇ ಒಂದು, ನನ್ನಾಣೆ" ಎಂದು ಗೆಳೆಯ ಲೋಟ ಮುಂದೆ ಹಿಡಿದಾಗ ಬೇಡ ಎನ್ನುವುದನ್ನೂ ತಾಲೀಮು ಮಾಡಿಸುತ್ತಾರೆ.

ಕನ್ನಡದ ಹುಡುಗ ಹುಡುಗಿಯರಿಗೆ ಈ ಓದಿನಲ್ಲಿ ಒಂದು ಅನುಕೂಲವಿದೆ, ಕಣ್ಣೆದುರೇ ದೊಡ್ಡ ಪ್ರಯೋಗಶಾಲೆ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ರಾಜ್ಯದ ಹಳ್ಳಿಹಳ್ಳಿಗಳಲ್ಲಿ ನಡೆಯುತ್ತವೆ. ಶಿಬಿರ ಮುಗಿದ ಮೇಲೆ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ, ಒಬ್ಬರಿಗೊಬ್ಬರು ಕಾವಲಾಗುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ವ್ಯಸನಿಗಳು ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕಂಡುಕೊಂಡ ಸತ್ಯವೂ ಇದೇ: ಬಿದ್ದು ಎದ್ದವನ ಮಾತು ಬಿದ್ದವನಿಗೆ ಬೇಗ ತಾಗುತ್ತದೆ. ಚೆನ್ನೈನಲ್ಲಿ ಶಾಂತಿ ರಂಗನಾಥನ್ ಕುಡಿತಕ್ಕೆ ಗಂಡನನ್ನು ಕಳೆದುಕೊಂಡ ಮೇಲೆ ಅಮೆರಿಕದಲ್ಲಿ ತರಬೇತಿ ಪಡೆದು 1980ರಲ್ಲಿ ಟಿ.ಟಿ.ಕೆ. ವ್ಯಸನಮುಕ್ತಿ ಆಸ್ಪತ್ರೆಯ ಕೆಲಸಕ್ಕೆ ಬುನಾದಿ ಹಾಕಿದರು. ತಾವು ಉಂಡ ದುಃಖವೊಂದೇ ಸಾಕೆಂದು ಅವರು ಕೂರಲಿಲ್ಲ, ಅದಕ್ಕೆ ವಿದ್ಯೆಯನ್ನೂ ಜೋಡಿಸಿದರು. ಅನುಭವ ಮತ್ತು ಓದು, ಇವೆರಡರಲ್ಲಿ ಯಾವುದು ಮೇಲು ಎಂಬ ಜಗಳ ವ್ಯರ್ಥ.

ಇನ್ನು ಮನೆಯವರ ವಿಷಯ. ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ "ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಚೀಟಿಗಳನ್ನು ನೀವು ನೋಡಿರಬಹುದು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಸಾರಿನಲ್ಲಿ ಬೆರೆಸಿ ಬಡಿಸುವ ಹೆಂಡತಿಯರಿದ್ದಾರೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಜೀವಕ್ಕೇ ಅಪಾಯ. ವೈದ್ಯರ ನಿಗಾದಲ್ಲಿ, ಕುಡಿಯುವವನು ಅರಿತು ಒಪ್ಪಿ ತೆಗೆದುಕೊಂಡರೆ ಅದೇ ಮಾತ್ರೆ ಉಪಯೋಗಕ್ಕೆ ಬರುತ್ತದೆ. ಕದ್ದು ಬೆರೆಸುವ ಆ ಹೆಂಡತಿಯನ್ನು ಗದರಿಸದೆ, ಅವಳ ಸಂಕಟವನ್ನೂ ಕೇಳಿಸಿಕೊಂಡು ಬೇರೆ ದಾರಿ ತೋರಿಸಬೇಕು. ಸಮಾಲೋಚಕರಿಗೆ ಕಾನೂನೂ ಗೊತ್ತಿರಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ವ್ಯಸನದ ತೊಂದರೆಯನ್ನೂ ಒಳಗೊಳ್ಳುತ್ತದೆ. ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ಹೊಡೆದು ಕೂಡಿಹಾಕುವ ಕೇಂದ್ರಗಳ ಸುದ್ದಿ ಇವತ್ತಿಗೂ ಬರುತ್ತಿರುವಾಗ, ಈ ಕಾಯ್ದೆಯನ್ನು ಬಾಯಿಪಾಠ ಮಾಡಿದಷ್ಟು ಚೆನ್ನಾಗಿ ತಿಳಿದ ಸಮಾಲೋಚಕರು ನಮಗೆ ಬೇಕು.

ಈ ಓದಿಗೆ ಹೊರಡುವವರು ಕಾಲೇಜಿನಲ್ಲಿ ಕಟ್ಟಡ, ಹಾಸ್ಟೆಲ್ ನೋಡುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಕ್ಷೇತ್ರಕಾರ್ಯಕ್ಕೆ ನಿಜವಾದ ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸುತ್ತಾರೆಯೇ? ಅಲ್ಲಿ ನಿಮ್ಮ ಜೊತೆ ಕೂತು ತಿದ್ದುವ ಹಿರಿಯರು ಇದ್ದಾರೆಯೇ? ಕ್ಲಿನಿಕಲ್ ಸೈಕಾಲಜಿಯಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಓದಿಗಲ್ಲ, ಮನೆಯ ಕಷ್ಟಕ್ಕೆ ಇದನ್ನು ಕೇಳುತ್ತಿರುವವರಿಗೆ ಎರಡು ಸಂಖ್ಯೆ ಹೇಳುತ್ತೇನೆ. ಟೆಲಿ-ಮಾನಸ್ 14416. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.