ಮಾಳಿಗೆ ಬಿಚ್ಚಿದ ನಾಲ್ವರು



ಯೇಸುಕ್ರಿಸ್ತನು ರೋಗಿಗಳನ್ನು ಗುಣಪಡಿಸಿದ ಕಥೆಗಳು ಸುವಾರ್ತೆಗಳಲ್ಲಿ ಅನೇಕ ಇವೆ. ಅವುಗಳಲ್ಲಿ ಒಂದನ್ನು ಇಂದು ನಿಮ್ಮೊಂದಿಗೆ ಸ್ವಲ್ಪ ನಿಧಾನವಾಗಿ ನೋಡಬೇಕೆಂದು ನನ್ನ ಆಸೆ. ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದ ಮೊದಲಿಗೇ ಅದು ಬರುತ್ತದೆ. ಹನ್ನೆರಡೇ ವಚನಗಳ ಪುಟ್ಟ ಕಥೆ. ಮತ್ತಾಯ ಮತ್ತು ಲೂಕ ಕೂಡ ಇದನ್ನು ಹೇಳಿದ್ದಾರೆ. ನಂಬಿಕೆ, ಸ್ನೇಹ, ಕ್ಷಮೆ ಎಂಬ ಮೂರು ದೊಡ್ಡ ಮಾತುಗಳು ಈ ಕಥೆಯಲ್ಲಿ ಮಣ್ಣು ಮೆತ್ತಿದ ಕೈಗಳೊಡನೆ ನಮ್ಮೆದುರು ನಿಲ್ಲುತ್ತವೆ.

ಮೊದಲು ಊರನ್ನು ನೋಡೋಣ. ಗಲಿಲಾಯ ಸರೋವರದ ವಾಯವ್ಯ ದಂಡೆಯಲ್ಲಿದ್ದ ಕಪೆರ್ನೌಮ್ ಮೀನುಗಾರರ ಊರು. 1968ರಲ್ಲಿ ಆರಂಭವಾದ ಉತ್ಖನನಗಳು ಆ ಕಾಲದ ಮನೆಗಳ ಸ್ವರೂಪವನ್ನು ಚೆನ್ನಾಗಿ ತಿಳಿಸಿಕೊಟ್ಟಿವೆ. ಕಪ್ಪು ಬಸಾಲ್ಟ್ ಕಲ್ಲಿನ ಗೋಡೆಗಳು, ನಡುವೆ ಅಂಗಳ, ಸುತ್ತ ಸಣ್ಣ ಸಣ್ಣ ಕೋಣೆಗಳು. ಮಾಳಿಗೆಗೆ ಮರದ ತೊಲೆ, ಅದರ ಮೇಲೆ ರೆಂಬೆ, ಜೊಂಡು, ಮೇಲೆ ಹುಲ್ಲು ಬೆರೆಸಿ ಮೆತ್ತಿದ ಮಣ್ಣು. ಮಾಳಿಗೆ ಹತ್ತಲು ಹೊರಗಿನಿಂದಲೇ ಮೆಟ್ಟಿಲು. ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆಮನೆಗಳನ್ನು ಕಂಡವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇಂಥ ಒಂದು ಮನೆಯಲ್ಲಿ ಯೇಸು ಬೋಧಿಸುತ್ತಿದ್ದಾನೆ. ಬಾಗಿಲಲ್ಲಿಯೂ ನಿಲ್ಲಲು ಜಾಗವಿಲ್ಲದಷ್ಟು ಜನ. ಆಗ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆಯ ಸಮೇತ ಹೊತ್ತುಕೊಂಡು ಬರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಅವರು ಮಾಳಿಗೆ ಹತ್ತಿ, ಅದನ್ನು ಅಗೆದು, ಆ ಕಿಂಡಿಯ ಮೂಲಕ ಹಾಸಿಗೆಯನ್ನು ಕೆಳಗಿಳಿಸುತ್ತಾರೆ. ಮಾಳಿಗೆ ಹೆಂಚಿನದೆಂದು ಲೂಕ ಹೇಳುತ್ತಾನೆ. ಮಾರ್ಕನಲ್ಲಿ ಬರುವುದು ಅಗೆಯುವ ಮಾತು. ಕಪೆರ್ನೌಮಿನ ಮಣ್ಣಿನ ಮಾಳಿಗೆಗೆ ಮಾರ್ಕನ ಮಾತೇ ಹೆಚ್ಚು ಹೊಂದುತ್ತದೆ.

ದೂರದರ್ಶನಕ್ಕಾಗಿ ದೃಶ್ಯಗಳನ್ನು ಜೋಡಿಸುವ ಕೆಲಸ ನನ್ನದು. ಆದ್ದರಿಂದ ಈ ಕಥೆ ಓದುವಾಗಲೆಲ್ಲ ಕ್ಯಾಮರಾ ಎಲ್ಲಿಡಬೇಕೆಂದು ಯೋಚಿಸುತ್ತೇನೆ. ಬಾಗಿಲ ಬಳಿ ಇಟ್ಟರೆ ಕಾಣುವುದು ಬರೀ ಬೆನ್ನುಗಳು. ಅವರು ದುಷ್ಟರಲ್ಲ. ಒಳ್ಳೆಯ ಮಾತು ಕೇಳಲು ಬಂದ ಸಜ್ಜನರು. ಆದರೂ ನಡೆಯಲಾರದವನಿಗೆ ಅಂದು ದಾರಿ ತಪ್ಪಿಸಿದ್ದು ಆ ಸಜ್ಜನರ ಬೆನ್ನುಗಳೇ! ಮಾಳಿಗೆಯ ಮೇಲಿಟ್ಟರೆ ಬೇರೆಯೇ ದೃಶ್ಯ. ಹಾಸಿಗೆಗೆ ನಾಲ್ಕು ಮೂಲೆ, ಹಿಡಿಯಲು ನಾಲ್ವರು. ಇಳಿಸುವಾಗ ಒಬ್ಬ ಆತುರಪಟ್ಟರೂ, ಒಬ್ಬ ಕೈ ಸಡಿಲಿಸಿದರೂ ಮಲಗಿದವನು ಉರುಳಿಬೀಳುತ್ತಾನೆ. ನಾಲ್ವರೂ ಒಂದೇ ಸಮನೆ ಇಳಿಸಬೇಕು. ಸ್ನೇಹಕ್ಕೆ ಇದಕ್ಕಿಂತ ಸರಳವಾದ ಪಾಠ ಬೇಕೆ?

ಈ ನಾಲ್ವರು ಕಥೆಯಲ್ಲಿ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಅವರ ಹೆಸರೂ ನಮಗೆ ತಿಳಿಯದು. ಆದರೂ ಯೇಸು ಅವರ ನಂಬಿಕೆಯನ್ನು ಕಂಡನೆಂದು ಮಾರ್ಕ ಬರೆಯುತ್ತಾನೆ. ‘ಅವನ’ ನಂಬಿಕೆ ಎನ್ನದೆ ‘ಅವರ’ ನಂಬಿಕೆ ಎಂದದ್ದನ್ನು ಗಮನಿಸಿ. ನಂಬಿಕೆ ಮನಸ್ಸಿನೊಳಗಿನ ವಸ್ತು ಎನ್ನುತ್ತೇವೆ. ಹಾಗಾದರೆ ಅದು ಕಣ್ಣಿಗೆ ಕಂಡದ್ದು ಹೇಗೆ? ಅಗೆದ ಮಾಳಿಗೆಯಲ್ಲಿ, ಉದುರಿದ ಮಣ್ಣಿನಲ್ಲಿ ಕಂಡಿತು. ಒಬ್ಬನ ಕೈಕಾಲು ಸೋತಾಗ ಅವನ ಪಾಲಿನ ನಂಬಿಕೆಯನ್ನೂ ಗೆಳೆಯರು ಹೊತ್ತು ತರಬಹುದು ಎಂಬುದು ಈ ಕಥೆಯ ದೊಡ್ಡ ಧೈರ್ಯ.

ಮುಂದಿನದು ಅನಿರೀಕ್ಷಿತ. ಎಲ್ಲರೂ ರೋಗ ವಾಸಿಯಾಗುವುದನ್ನು ಎದುರುನೋಡುತ್ತಿರುವಾಗ ಯೇಸು ಅವನನ್ನು ಮಗುವೇ ಎಂದು ಕರೆದು, ಅವನ ಪಾಪಗಳು ಕ್ಷಮಿಸಲ್ಪಟ್ಟಿವೆ ಎನ್ನುತ್ತಾನೆ. ಅಲ್ಲಿ ಕುಳಿತಿದ್ದ ಶಾಸ್ತ್ರಿಗಳಿಗೆ ಇದು ದೇವದೂಷಣೆ ಎನಿಸುತ್ತದೆ. ಅವರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಾಪವನ್ನು ಕ್ಷಮಿಸುವ ಅಧಿಕಾರ ದೇವರೊಬ್ಬನದೇ ಎಂಬುದು ಅವರ ಧರ್ಮದ ತಿರುಳು. ಆಗ ಯೇಸು ಕೇಳುವ ಪ್ರಶ್ನೆ ವಿಜ್ಞಾನ ಓದಿದವರ ಕಿವಿಯನ್ನೂ ನಿಮಿರಿಸುತ್ತದೆ. ಕ್ಷಮೆಯಾಯಿತು ಎನ್ನುವುದು ಸುಲಭವೋ, ಎದ್ದು ನಡೆ ಎನ್ನುವುದು ಸುಲಭವೋ? ಮೊದಲನೆಯದನ್ನು ಯಾರೂ ಪರೀಕ್ಷಿಸಿ ನೋಡಲಾರರು. ಎರಡನೆಯದು ಸುಳ್ಳಾದರೆ ಮರುಕ್ಷಣವೇ ಬಯಲಾಗುತ್ತದೆ. ಪರೀಕ್ಷೆಗೆ ಸಿಗುವ ಮಾತನ್ನೇ ಆರಿಸಿಕೊಂಡು, ಹಾಸಿಗೆ ಎತ್ತಿಕೊಂಡು ಮನೆಗೆ ಹೋಗೆಂದು ಯೇಸು ರೋಗಿಗೆ ಹೇಳುತ್ತಾನೆ. ಅವನು ಎದ್ದು ಹೋಗುತ್ತಾನೆ.

ಪವಾಡದ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, ಇಲ್ಲಿ ಒಂದು ಎಚ್ಚರ ಬೇಕು. ಕ್ಷಮೆಯ ಮಾತು ಮೊದಲು ಬಂದದ್ದರಿಂದ ರೋಗವೆಂದರೆ ಪಾಪದ ಫಲ ಎಂದು ತೀರ್ಮಾನಿಸಬೇಡಿ. ಅಂದಿನ ಅನೇಕರು ಹಾಗೆಯೇ ನಂಬಿದ್ದರು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಒಬ್ಬ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲ ಎಂಬುದೇ ಯೇಸುವಿನ ಉತ್ತರ. ಮೆದುಳಿನ ರಕ್ತನಾಳ ಕಟ್ಟಿದರೆ, ಒಡೆದರೆ, ಬೆನ್ನುಹುರಿಗೆ ಪೆಟ್ಟು ಬಿದ್ದರೆ, ಪೋಲಿಯೋ ವೈರಾಣು ನರಕೋಶಗಳನ್ನು ಹಾಳುಮಾಡಿದರೆ ಅಂಗಗಳು ಸ್ವಾಧೀನ ತಪ್ಪುತ್ತವೆಂದು ಇಂದು ನಾವು ಬಲ್ಲೆವು. ಭಾರತದಲ್ಲಿ ನಿಸರ್ಗದ ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ನಮ್ಮ ದೇಶ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆತದ್ದು 2014ರಲ್ಲಿ. ಇದರ ಹಿಂದೆಯೂ ಮಾತನಾಡದೆ ದುಡಿದ ಅಸಂಖ್ಯ ಕೈಗಳಿವೆ. ಆದರೆ ‘ಯಾವ ಜನ್ಮದ ಕರ್ಮವೋ’ ಎಂದು ಅಂಗವಿಕಲರ ಎದುರಿಗೇ ನಿಟ್ಟುಸಿರಿಡುವ ಅಭ್ಯಾಸಕ್ಕೆ ಲಸಿಕೆ ಇನ್ನೂ ಬಂದಿಲ್ಲ.

ಹೀಗೆ ನೋಡಿದಾಗ ಕ್ಷಮೆಯ ಮಾತು ಏಕೆ ಮೊದಲು ಬಂತೆಂಬುದಕ್ಕೆ ನನಗೆ ಒಂದು ಅರ್ಥ ತೋರುತ್ತದೆ. ಮಲಗಿದವನ ಮೇಲೆ ಎರಡು ಭಾರಗಳಿದ್ದವು. ಒಂದು ದೇಹದ್ದು, ಇನ್ನೊಂದು ಊರು ಹೊರಿಸಿದ ದೋಷದ್ದು. ಯೇಸು ಎರಡನೆಯದನ್ನು ಮೊದಲು ಇಳಿಸಿದ. ಅವನು ಇನ್ನೂ ಮಲಗಿದ್ದಾಗಲೇ, ಏನನ್ನೂ ಸಾಧಿಸಿ ತೋರಿಸುವ ಮೊದಲೇ, ಮಗು ಎನ್ನಿಸಿಕೊಂಡ. ಕ್ಷಮೆಗೆ ಎದ್ದು ನಿಲ್ಲುವ ಅರ್ಹತೆ ಬೇಕಾಗಲಿಲ್ಲ. ಇನ್ನೊಂದು ಮಾತು. ಒಡೆದ ಮಾಳಿಗೆಯ ಲೆಕ್ಕವನ್ನು ಆ ಮನೆಯಲ್ಲಿ ಯಾರೂ ಕೇಳಿದಂತೆ ಕಥೆಯಲ್ಲಿಲ್ಲ.

ಯೂಫ್ರಟಿಸ್ ನದಿಯ ದಂಡೆಯಲ್ಲಿ, ಇಂದಿನ ಸಿರಿಯಾದಲ್ಲಿ, ದುರಾ ಯೂರೋಪಸ್ ಎಂಬ ಹಾಳುನಗರವಿದೆ. ಅಲ್ಲಿನ ಒಂದು ಪ್ರಾರ್ಥನಾ ಮನೆಯ ಗೋಡೆಯಲ್ಲಿ 3ನೆಯ ಶತಮಾನದಲ್ಲಿ ಈ ಕಥೆಯನ್ನು ಚಿತ್ರಿಸಿದ್ದರು. ನಮಗೆ ತಿಳಿದಿರುವ ಯೇಸುವಿನ ಅತ್ಯಂತ ಹಳೆಯ ಚಿತ್ರಗಳಲ್ಲಿ ಅದೂ ಒಂದು. ಈಗ ಅದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿದೆ. ಅದರಲ್ಲಿ ಯೇಸುವಿದ್ದಾನೆ, ಮಲಗಿದ ರೋಗಿಯಿದ್ದಾನೆ, ಮಂಚವನ್ನು ಬೆನ್ನಿಗೇರಿಸಿ ನಡೆಯುವ ಅದೇ ರೋಗಿಯಿದ್ದಾನೆ. ಹೊತ್ತು ತಂದ ನಾಲ್ವರು ಮಾತ್ರ ಅದರಲ್ಲಿ ಕಾಣುವುದಿಲ್ಲ.

ಮಿತ್ರರೇ, ನಿಮ್ಮ ತರಗತಿಯಲ್ಲಿ ಮೆಟ್ಟಿಲು ಹತ್ತಲಾರದವರು ಇರಬಹುದು. ಪರೀಕ್ಷೆಯಲ್ಲಿ ಸೋತು ಮನೆಯಿಂದ ಹೊರಗೆ ಬಾರದವರು, ಒಂದು ತಪ್ಪಿಗಾಗಿ ಎಲ್ಲರೂ ದೂರವಿಟ್ಟವರು ಇರಬಹುದು. ಅವರ ಕಷ್ಟಕ್ಕೆ ಕಾರಣ ಹುಡುಕುವ ಕೆಲಸವನ್ನು ಆ ನಾಲ್ವರು ಮಾಡಲಿಲ್ಲ. ಹಾಸಿಗೆಯ ಒಂದೊಂದು ಮೂಲೆ ಹಿಡಿದರು. ನಿಮಗೆ ಎಟಕುವ ಮೂಲೆ ಯಾವುದೆಂದು ನೋಡಿಕೊಳ್ಳಿ. ಬಾಗಿಲಲ್ಲಿ ನಿಂತಿದ್ದರೆ, ದಯವಿಟ್ಟು ಸ್ವಲ್ಪ ಸರಿದು ದಾರಿ ಬಿಡಿ.