ಒಕ್ಕೂಟದಿಂದ ಹೊರಬಂದರೆ ಲಾಭವೇ?

(ಕುಮಟಾ ತಾಲ್ಲೂಕಿನ ಕಾಗಾಲದ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಒಂದು ದೇಶವು ತಾನು ಸೇರಿದ್ದ ರಾಜಕೀಯ ಹಾಗೂ ಆರ್ಥಿಕ ಒಕ್ಕೂಟವನ್ನು ಬಿಟ್ಟು ಹೊರಬಂದರೆ ಅದಕ್ಕೆ ಲಾಭವಾಗುವುದೇ, ನಷ್ಟವಾಗುವುದೇ ಎಂಬ ಚರ್ಚೆ ಕೆಲವು ವರ್ಷಗಳಿಂದ ಪ್ರಪಂಚದ ಎಲ್ಲೆಡೆ ನಡೆದಿದೆ. ಬ್ರಿಟನ್ ದೇಶವು 2016ರ ಜೂನ್ 23ರಂದು ಜನಮತ ಪಡೆದು, 2020ರ ಜನವರಿ 31ರಂದು ಐರೋಪ್ಯ ಒಕ್ಕೂಟದಿಂದ ಹೊರಬಂದದ್ದೇ ಇದಕ್ಕೆ ಮುಖ್ಯ ಕಾರಣ. ಕಾಗಾಲದ ಗಜನಿ ರೈತನಿಗೂ ಈ ಸಂಗತಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ಇಲ್ಲದಿಲ್ಲ. ಕಾಗಾಲವಿರುವ ಉತ್ತರ ಕನ್ನಡ ಜಿಲ್ಲೆಯೇ ಎರಡು ಸಲ ಒಂದು ಆಡಳಿತವನ್ನು ಬಿಟ್ಟು ಇನ್ನೊಂದನ್ನು ಸೇರಿದೆ. ಜಿಲ್ಲೆಯ ಗಡಿಗೆ ಹೊಂದಿರುವ ಗೋವೆಯು ಒಮ್ಮೆ ಸುಂಕದ ಒಕ್ಕೂಟವೊಂದನ್ನು ಸೇರಿ, ಹನ್ನೆರಡು ವರ್ಷಗಳ ಮೇಲೆ ಅದರಿಂದ ಹೊರಬಂದಿತ್ತು. ಈ ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಚರ್ಚೆಗೆ ಒಂದು ದಾರಿ ಸಿಗುತ್ತದೆ.

ಗಜನಿಯ ಒಡ್ಡು ಕಲಿಸುವ ಪಾಠ

ಅಘನಾಶಿನಿಯ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ಏರಿಬರುವ ತಗ್ಗು ಭೂಮಿಯೇ ಗಜನಿ. ಸುತ್ತಲೂ ಒಡ್ಡು ಕಟ್ಟಿ, ನೀರನ್ನು ಒಳಹೊರಗೆ ಬಿಡುವ ಬಾಗಿಲನ್ನು, ಎಂದರೆ ಜಂತ್ರಡಿಯನ್ನು, ಹೊತ್ತರಿತು ತೆಗೆದು ಹಾಕಿದರೆ ಮಾತ್ರ ಇಲ್ಲಿ ಬೇಸಾಯ ಸಾಧ್ಯ. ಮುಂಗಾರು ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಎತ್ತರವಾಗಿ ಬೆಳೆಯುವ ಈ ತಳಿಯು ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ಕೊಯ್ಲಿನ ನಂತರ ಅದೇ ಭೂಮಿಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ.

ಒಡ್ಡು ಒಬ್ಬನದಲ್ಲ, ಜಂತ್ರಡಿಯೂ ಒಬ್ಬನದಲ್ಲ. ಮಾಣಿಕಟ್ಟಾ ಗಜನಿಯಲ್ಲಿ ರೈತರು ಸಂಘವಾಗಿ ಕಗ್ಗ ಬೆಳೆಯುತ್ತಿರುವುದು ಇದೇ ಕಾರಣಕ್ಕೆ. ಒಬ್ಬ ರೈತನು ತನ್ನ ಗದ್ದೆ ತನ್ನದೆಂದು ಕೂಟ ಬಿಟ್ಟು, ವರ್ಷವಿಡೀ ಸಿಗಡಿಗಾಗಿ ಉಪ್ಪುನೀರು ನಿಲ್ಲಿಸಬಹುದು. ಅವನ ಲೆಕ್ಕದಲ್ಲಿ ಅದು ಲಾಭವೂ ಆಗಬಹುದು. ಆದರೆ ಉಪ್ಪುನೀರಿಗೆ ಸರ್ವೆ ನಂಬರು ಗೊತ್ತಿಲ್ಲ. ಅದು ಪಕ್ಕದ ಗದ್ದೆಗೂ ಜಿನುಗುತ್ತದೆ. ಆದ್ದರಿಂದ ಕೂಟ ಬಿಡುವ ಮಾತು ಬಂದಾಗ ಮೂರು ಪ್ರಶ್ನೆಗಳನ್ನು ಕೇಳುವುದು ಅವಶ್ಯಕ.

1. ಬಿಡುತ್ತಿರುವುದು ಆಡಳಿತವನ್ನೋ, ಮಾರುಕಟ್ಟೆಯನ್ನೋ?
2. ಕೂಟವು ಇದುವರೆಗೆ ಮಾಡುತ್ತಿದ್ದ ಕೆಲಸವನ್ನು ಮರುದಿನದಿಂದ ಯಾರು ಮಾಡುವರು?
3. ಲಾಭ ಯಾರಿಗೆ, ಭಾರ ಯಾರ ಮೇಲೆ?

ದೇಶಗಳ ವಿಷಯದಲ್ಲಿಯೂ ಪ್ರಶ್ನೆಗಳು ಇವೇ.

1862 ಮತ್ತು 1956

ಕೆನರಾ ಜಿಲ್ಲೆ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅದನ್ನು ಎರಡಾಗಿ ಒಡೆದು, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಇದರ ಹಿಂದೆ ಹತ್ತಿಯ ವ್ಯಾಪಾರವಿತ್ತು. ಧಾರವಾಡದ ಎರೆಭೂಮಿಯ ಹತ್ತಿಯು ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂಬ ಹೆಸರೇ ನಿಂತಿತು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಬಂದರೂ ಒಂದೇ ಪ್ರಾಂತ್ಯದಲ್ಲಿರಬೇಕೆಂದು ಹತ್ತಿಯ ವರ್ತಕರು ಒತ್ತಾಯಿಸಿದರು. ಇಲ್ಲಿನ ಒಕ್ಕಲಿಗನನ್ನು ಯಾರೂ ಕೇಳಲಿಲ್ಲ.

1956ರ ಬದಲಾವಣೆಯ ರೀತಿಯೇ ಬೇರೆ. ಕನ್ನಡ ನಾಡು ಒಂದಾಗಬೇಕೆಂಬ ದೀರ್ಘಕಾಲದ ಏಕೀಕರಣ ಚಳವಳಿಯ ಫಲವಾಗಿ ಆ ವರ್ಷ ನವೆಂಬರ್ 1ರಂದು ಬೆಳಗಾವಿ, ಬಿಜಾಪುರ, ಧಾರವಾಡ ಜಿಲ್ಲೆಗಳೊಡನೆ ಉತ್ತರ ಕನ್ನಡವೂ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯ ಸೇರಿತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ರಾಜಧಾನಿ ಬದಲಾಯಿತು, ಆಡಳಿತದ ಭಾಷೆ ಜನರ ಭಾಷೆಗೆ ಹತ್ತಿರವಾಯಿತು. ಆದರೆ ಮುಂಬಯಿಗೂ ಕುಮಟೆಗೂ ನಡುವೆ ಸುಂಕದ ಕಟ್ಟೆಯೇನೂ ಏಳಲಿಲ್ಲ. ತೆಂಗು, ಅಡಿಕೆ, ಮೀನು ಮೊದಲಿನಂತೆಯೇ ಹೋಗಬಹುದಾಗಿತ್ತು, ದುಡಿಮೆಗಾಗಿ ಹೋಗುವವರಿಗೂ ತಡೆಯಿರಲಿಲ್ಲ. ಬಿಟ್ಟದ್ದು ಆಡಳಿತವನ್ನು ಮಾತ್ರ, ಮಾರುಕಟ್ಟೆಯನ್ನಲ್ಲ. ಒಂದೇ ದೇಶದೊಳಗಿನ ಬದಲಾವಣೆಗೆ ಇರುವ ದೊಡ್ಡ ಅನುಕೂಲ ಇದು.

ಎರಡನೆಯ ಪ್ರಶ್ನೆಗೂ ಆಗ ಉತ್ತರ ಸಿದ್ಧವಿತ್ತು. ಹೊಸ ಕಾನೂನು ಬರುವ ತನಕ ಹಳೆಯದೇ ನಡೆಯಬೇಕೆಂದು ರಾಜ್ಯ ಪುನರ್ವಿಂಗಡಣಾ ಕಾಯಿದೆ ಹೇಳಿತ್ತು. ಹೀಗಾಗಿ ಗೇಣಿದಾರನಿಗೆ ರಕ್ಷಣೆ ಕೊಟ್ಟಿದ್ದ 1948ರ ಮುಂಬಯಿ ಗೇಣಿ ಕಾಯಿದೆಯು ರಾಜ್ಯ ಬದಲಾದರೂ ರದ್ದಾಗಲಿಲ್ಲ. 1961ರ ಮೈಸೂರು ಭೂಸುಧಾರಣಾ ಕಾಯಿದೆಯು 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಿಂದ ಗೇಣಿದಾರನು ಭೂಮಿಯ ಒಡೆಯನಾಗುವ ದಾರಿ ತೆರೆಯಿತು. ಹಳೆಯ ಒಡ್ಡನ್ನು ಕಡಿಯುವ ಮೊದಲೇ ಹೊಸ ಒಡ್ಡಿನ ವ್ಯವಸ್ಥೆ ಮಾಡಿದಂತೆ ಇದು.

ಹಾಗೆಂದು ಭಾರ ಯಾರ ಮೇಲೂ ಬೀಳಲಿಲ್ಲವೆಂದು ಹೇಳಲಾಗದು. ಅದೇ ದಿನ ಎಳೆದ ಗೆರೆಯಿಂದ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರ ಅಳಲು ಇನ್ನೂ ಮುಗಿದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬೇರೆ ಬೇರೆಯಾದ ರಾಜ್ಯಗಳಿಗೆ ಮತ್ತೆ ಕೂಡಬೇಕಾದ ಕೆಲಸವೂ ಬಂತು. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮಕ್ಕೆ ಕೇಂದ್ರದ ಜೊತೆಗೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ರಾಜ್ಯಗಳು ಪಾಲು ಬಂಡವಾಳ ಹಾಕಿದವು. 1998ರಲ್ಲಿ ಆ ಮಾರ್ಗ ಪೂರ್ಣವಾಗಿ ತೆರೆದಾಗ ಕುಮಟಾದ ಮೂಲಕ ಮುಂಬಯಿಯ ತನಕ ರೈಲು ಓಡಿತು.

ಗೋವೆಯ ಉಪ್ಪು

ಮಾರುಕಟ್ಟೆಯ ಒಕ್ಕೂಟವನ್ನೇ ಸೇರಿ ಬಿಟ್ಟ ಕಥೆ ಗೋವೆಯದು. ಪೋರ್ಚುಗಲ್ ಮತ್ತು ಬ್ರಿಟನ್ 1878ರ ಡಿಸೆಂಬರಿನಲ್ಲಿ ಸಹಿ ಹಾಕಿದ ಒಪ್ಪಂದವು 1880ರ ಜನವರಿಯಿಂದ ಹನ್ನೆರಡು ವರ್ಷಗಳ ಅವಧಿಗೆ ಜಾರಿಗೆ ಬಂತು. ಅದರಂತೆ ಗೋವೆಗೂ ಬ್ರಿಟಿಷ್ ಭಾರತಕ್ಕೂ ನಡುವಿನ ಗಡಿ ಸುಂಕ ರದ್ದಾಯಿತು. ಮುರಗಾಂವ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ಗೆ ಬರುವ ರೈಲು ಮಾರ್ಗವೂ ಈ ಒಪ್ಪಂದದ ಫಲವೇ.

ಆದರೆ ಒಪ್ಪಂದದಲ್ಲಿ ಉಪ್ಪಿನ ಷರತ್ತೊಂದಿತ್ತು. ಬ್ರಿಟಿಷ್ ಭಾರತದಲ್ಲಿ ಉಪ್ಪಿನ ಮೇಲೆ ಭಾರೀ ತೆರಿಗೆ ಇತ್ತು. ಗಡಿ ತೆರೆದರೆ ಗೋವೆಯ ಅಗ್ಗದ ಉಪ್ಪು ಒಳಗೆ ನುಗ್ಗುವುದೆಂಬ ಭಯದಿಂದ ಅಲ್ಲಿನ ಉಪ್ಪಿನ ತಯಾರಿಕೆಯ ಹತೋಟಿಯನ್ನು ಬ್ರಿಟಿಷ್ ಸರ್ಕಾರವೇ ವಹಿಸಿಕೊಂಡಿತು. ಪ್ರತಿಯಾಗಿ ಪೋರ್ಚುಗೀಸ್ ಆಡಳಿತಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕೆಂದಾಯಿತು. ಹಣ ಖಜಾನೆಗೆ ಹೋಯಿತು. ಆಗರಗಳು ಮುಚ್ಚಿದ್ದರಿಂದ ಕೆಲಸ ಹೋದದ್ದು ಉಪ್ಪು ಮಾಡುವವನದು. ಉಪ್ಪಿನ ಬೆಲೆ ಏರಿದಾಗ ಪೆಟ್ಟು ಬಿದ್ದದ್ದು ಮೀನು ಉಪ್ಪು ಹಾಕುವವನಿಗೆ. ದುಡಿಮೆ ಅರಸಿ ಮುಂಬಯಿಗೆ ಹೋಗುವವರ ಸಂಖ್ಯೆ ಹೆಚ್ಚಿತು. ಹೊಳೆಯಾಚೆಯ ಸಾಣಿಕಟ್ಟಾದ ಆಗರಗಳನ್ನು ನೋಡಿಕೊಂಡು ಬೆಳೆದ ಕಾಗಾಲದವರಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1892ರ ಜನವರಿಯಲ್ಲಿ ಅವಧಿ ಮುಗಿದಾಗ ಒಪ್ಪಂದ ನವೀಕರಣವಾಗಲಿಲ್ಲ. ಗೋವೆ ಹೊರಬಂದಂತಾಯಿತು. ಉಪ್ಪಿನ ಮೇಲಿನ ಹಿಡಿತ ತಪ್ಪಿತು, ಇದು ಲಾಭ. ಗಡಿಯಲ್ಲಿ ಸುಂಕದ ಕಟ್ಟೆ ಮತ್ತೆ ಎದ್ದಿತು, ಇದು ನಷ್ಟ. ಊರು ಬಿಟ್ಟು ಹೋಗುವುದು ಮಾತ್ರ ನಿಲ್ಲಲಿಲ್ಲ. ಸೇರುವಾಗ ಆದ ಹಾನಿಯು ಬಿಟ್ಟ ಮಾತ್ರಕ್ಕೆ ತಾನಾಗಿ ಸರಿಹೋಗುವುದಿಲ್ಲ ಎಂಬುದನ್ನು ಇಲ್ಲಿ ಮನಗಾಣಬೇಕು. ಉಪ್ಪು ನುಗ್ಗಿದ ಗದ್ದೆಯು ಒಡ್ಡು ಕಟ್ಟಿದ ಮರುದಿನವೇ ಬೆಳೆ ಕೊಡುವುದಿಲ್ಲ.

ಬ್ರಿಟನ್ನಿನ ಅನುಭವ

ಬ್ರಿಟನ್ನಿನಲ್ಲಿ ಬಿಡಬೇಕೆಂದವರು ಶೇಕಡಾ 51.9, ಉಳಿಯಬೇಕೆಂದವರು ಶೇಕಡಾ 48.1. ಬಿಡಬೇಕೆಂದವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ತಮ್ಮ ಕಾನೂನನ್ನು ತಮ್ಮ ಸಂಸತ್ತೇ ಮಾಡಬೇಕು, ತಮ್ಮ ಸಮುದ್ರದ ಮೀನಿನ ಹಕ್ಕು ತಮಗಿರಬೇಕು, ಒಕ್ಕೂಟಕ್ಕೆ ಕೊಡುವ ಹಣ ಮನೆಯಲ್ಲೇ ಉಳಿಯಬೇಕು ಎಂದರು. ಕೃಷಿಯಲ್ಲಿಯೂ ಒಂದು ಅವಕಾಶವಿತ್ತು. ಐರೋಪ್ಯ ಒಕ್ಕೂಟದ ಸಹಾಯಧನದ ಬಹುಭಾಗ ಭೂಮಿಯ ವಿಸ್ತೀರ್ಣಕ್ಕೆ ತಕ್ಕಂತೆ ಸಿಗುತ್ತಿದ್ದುದರಿಂದ ದೊಡ್ಡ ಹಿಡುವಳಿಗೆ ಹೆಚ್ಚು ಹಣ ಹೋಗುತ್ತಿತ್ತು. ಹೊರಬಂದ ಮೇಲೆ ಇಂಗ್ಲೆಂಡ್ ಆ ಪದ್ಧತಿಯನ್ನು 2021ರಿಂದ ಹಂತಹಂತವಾಗಿ ಕಡಿಮೆ ಮಾಡಿ, ಮಣ್ಣು, ನೀರು, ವನ್ಯಜೀವಿಗಳ ಸಂರಕ್ಷಣೆಗೆ ಹಣ ಕೊಡುವ ದಾರಿ ಹಿಡಿಯಿತು. ಬೇರೆ ದೇಶಗಳೊಡನೆ ತಾನೇ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಬಂತು. 2025ರ ಜುಲೈನಲ್ಲಿ ಭಾರತದೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿಯಾದದ್ದು ಇದಕ್ಕೆ ಉದಾಹರಣೆ.

ಇನ್ನು ನಷ್ಟದ ಕಡೆ. ಒಕ್ಕೂಟದಲ್ಲಿಯೇ ಇದ್ದಿದ್ದರೆ ಆಗಬಹುದಾಗಿದ್ದ ಮಟ್ಟಕ್ಕಿಂತ ದೇಶದ ಉತ್ಪಾದಕತೆಯು ದೀರ್ಘಾವಧಿಯಲ್ಲಿ ಸುಮಾರು ಶೇಕಡಾ 4ರಷ್ಟು ಕಡಿಮೆ ಇರುವುದೆಂದು ಅಲ್ಲಿನ ಸರ್ಕಾರಿ ಆಯವ್ಯಯ ಹೊಣೆಗಾರಿಕೆ ಕಚೇರಿ ಅಂದಾಜು ಮಾಡಿದೆ. ಬಿಡಬೇಕೆಂದವರು ಈ ಅಂದಾಜನ್ನು ಒಪ್ಪುವುದಿಲ್ಲ.

ಆದರೆ ಅಘನಾಶಿನಿಯ ದಂಡೆಯವರಿಗೆ ಹೆಚ್ಚು ಪಾಠ ಹೇಳುವುದು ಚಿಪ್ಪಿಕಲ್ಲಿನ ಪ್ರಸಂಗ. ಬೆಳಚು ಮೊದಲಾದ ಚಿಪ್ಪಿನ ಜೀವಿಗಳು ನೀರನ್ನು ಸೋಸಿ ಆಹಾರ ಪಡೆಯುತ್ತವೆ. ಹಾಗೆ ಸೋಸುವಾಗ ನೀರಿನ ರೋಗಾಣುಗಳೂ ಅವುಗಳ ಒಡಲಲ್ಲಿ ಸೇರುತ್ತವೆ. ಆದ್ದರಿಂದ ನೀರು ಅಷ್ಟೊಂದು ಶುದ್ಧವಲ್ಲದ ಕಡೆ ಹಿಡಿದವನ್ನು ಸ್ವಚ್ಛ ನೀರಿನ ತೊಟ್ಟಿಯಲ್ಲಿ ಕೆಲಕಾಲ ಇಟ್ಟು ಶುದ್ಧಿ ಮಾಡಿದ ಮೇಲೆಯೇ ಮಾರಬೇಕು. ಬ್ರಿಟನ್ ಒಕ್ಕೂಟದಲ್ಲಿದ್ದಾಗ ಅಲ್ಲಿನ ಹಿಡುವಳಿಯನ್ನು ಜೀವಂತವಾಗಿಯೇ ಸಾಗಿಸಿ, ಖರೀದಿಸಿದ ದೇಶದಲ್ಲಿ ಶುದ್ಧಿ ಮಾಡಿಸಬಹುದಾಗಿತ್ತು. ಹೊರಗಿನ ದೇಶಕ್ಕೆ ಈ ಸೌಲಭ್ಯವಿಲ್ಲ. 2021ರ ಜನವರಿಯಿಂದ ಬ್ರಿಟನ್ ಹೊರಗಿನ ದೇಶವಾಯಿತು. ಚಿಪ್ಪು ಅದೇ, ನೀರು ಅದೇ, ಗಿರಾಕಿಯೂ ಅವನೇ. ಆದರೂ ಇಂತಹ ನೀರಿನ ಚಿಪ್ಪಿಕಲ್ಲು ಸಾಕುವವರ ವ್ಯಾಪಾರ ನಿಂತಿತು. ಶುದ್ಧಿಯ ತೊಟ್ಟಿಗಳನ್ನು ಸಾಕಷ್ಟು ಕಟ್ಟಿಕೊಳ್ಳುವ ಮೊದಲೇ ಬಾಗಿಲು ಮುಚ್ಚಿತ್ತು. 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ ಮತ್ತೆ ಕುಳಿತು, ಆಹಾರ ಮತ್ತು ಸಸ್ಯ ತಪಾಸಣೆಯ ಬಗ್ಗೆ ಹೊಸ ಒಪ್ಪಂದದ ಮಾತುಕತೆಗೆ ಒಪ್ಪಿಕೊಂಡವು. ಬಿಟ್ಟ ಕೂಟದ ಒಡ್ಡನ್ನು ಹೊರಗಿನಿಂದ ದುರಸ್ತಿ ಮಾಡಬೇಕಾದ ಸ್ಥಿತಿ ಇದು.

ಹಾಗಾದರೆ ಉತ್ತರವೇನು?

ಒಕ್ಕೂಟ ಬಿಡುವುದು ಯಾವಾಗಲೂ ಲಾಭವಲ್ಲ, ಯಾವಾಗಲೂ ನಷ್ಟವೂ ಅಲ್ಲ. ಮಾರುಕಟ್ಟೆಯ ಬಾಗಿಲು ತೆರೆದೇ ಇದ್ದು, ಕೂಟ ಮಾಡುತ್ತಿದ್ದ ಕೆಲಸಕ್ಕೆ ಮುಂಚಿತವಾಗಿಯೇ ಹೊಣೆಗಾರರನ್ನು ಗೊತ್ತುಮಾಡಿದ್ದರೆ ಲಾಭದ ಸಂಭವ ಹೆಚ್ಚು. 1956ರಲ್ಲಿ ಉತ್ತರ ಕನ್ನಡದ ಮಟ್ಟಿಗೆ ಹೀಗಾಯಿತು. ಬಾಗಿಲನ್ನೇ ಮುಚ್ಚಿಕೊಂಡು, ತಪಾಸಣೆ, ಸುಂಕ, ಸಾಗಾಟದ ವ್ಯವಸ್ಥೆಯನ್ನು ಆಮೇಲೆ ನೋಡೋಣವೆಂದರೆ ನಷ್ಟವು ಮೊದಲು ಬರುತ್ತದೆ, ಲಾಭ ಬಂದರೂ ತಡವಾಗಿ ಬರುತ್ತದೆ. ಆ ನಷ್ಟವನ್ನು ಮೊದಲು ಉಣ್ಣುವವನು ಬಹುಮಟ್ಟಿಗೆ ಆಗರದ ಕೂಲಿ, ಚಿಪ್ಪಿಕಲ್ಲಿನ ಕಸುಬಿನವನು, ಸಣ್ಣ ಹಿಡುವಳಿಯ ರೈತ.

ಸ್ವಾಭಿಮಾನಕ್ಕೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ತಮ್ಮ ಭಾಷೆಯಲ್ಲಿ ತಮ್ಮ ಆಡಳಿತ ಬೇಕೆಂಬ ಆಸೆಗಾಗಿ ಕನ್ನಡಿಗರು ದಶಕಗಳ ಕಾಲ ದುಡಿದರು. ಅದನ್ನು ತಕ್ಕಡಿಯಲ್ಲಿ ತೂಗಲಾಗದು. ಆದರೆ ಆ ಆಸೆಯ ಜೊತೆಗೆ ಲೆಕ್ಕವೂ ಇದ್ದರೆ ಮಾತ್ರ ಬಡವನು ಉಳಿಯುತ್ತಾನೆ.

ಈ ಮೂರು ಪ್ರಶ್ನೆಗಳನ್ನು ಮನೆಯ ಹತ್ತಿರದ ವಿಷಯಗಳಿಗೂ ಹಚ್ಚಿ ನೋಡಬಹುದು. ಘಟ್ಟದ ಮೇಲಿನ ತಾಲ್ಲೂಕುಗಳನ್ನು ಕೂಡಿಸಿ ಶಿರಸಿ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಹಳೆಯದು. ಪರವಾಗಿ ಮಾತಾಡುವವರೂ ವಿರೋಧಿಸುವವರೂ ಕಚೇರಿ, ಆಸ್ಪತ್ರೆ, ಸಹಕಾರಿ ಸಂಘಗಳ ಕೆಲಸವನ್ನು ಯಾರು ವಹಿಸುವರು ಎಂಬುದನ್ನು ಮೊದಲು ಬರೆದಿಡುವುದು ಒಳ್ಳೆಯದು.

ಗಜನಿಯ ಸಂಘಗಳಲ್ಲಿಯೂ ಇದೇ ಕ್ರಮ ಇರಲಿ. ಯಾರಾದರೂ ಸಂಘ ಬಿಡುವುದಾಗಿ ಹೇಳಿದರೆ ಜಗಳಕ್ಕೆ ಮೊದಲು ಮಳೆಗಾಲದ ಮುಂಚಿನ ಒಂದು ಸಭೆ ಕರೆಯಿರಿ. ಒಡ್ಡಿನ ಅವನ ಪಾಲಿನ ದುರಸ್ತಿ ಯಾರು ಮಾಡುವರು, ಜಂತ್ರಡಿ ಯಾರ ಕೈಯಲ್ಲಿರುವುದು, ಅವನ ಉಪ್ಪುನೀರು ಪಕ್ಕದ ಗದ್ದೆಗೆ ಬಂದರೆ ಪರಿಹಾರವೇನು ಎಂಬುದನ್ನು ಕಾಗದದಲ್ಲಿ ಬರೆದು ಎಲ್ಲರೂ ರುಜು ಹಾಕಿರಿ. ಸಭೆಗೆ ಭೂಮಿ ಇದ್ದವರನ್ನಷ್ಟೇ ಅಲ್ಲದೆ, ಅದೇ ನೀರನ್ನು ನಂಬಿ ಬೆಳಚು ಆಯುವ ಹೆಂಗಸರನ್ನೂ ಕರೆಯಿರಿ. ಉತ್ತರ ಸಿಕ್ಕಿದ ಮೇಲೆ ಬಿಡುವವನು ಬಿಡಲಿ, ಉಳಿಯುವವನು ಉಳಿಯಲಿ. ಉತ್ತರ ಸಿಗುವ ತನಕ ಒಡ್ಡಿಗೆ ಗುದ್ದಲಿ ಹಾಕುವುದು ಬೇಡ.