ನಮ್ಮ ತಕ್ಕಡಿ, ನಮ್ಮ ವಿಶ್ವಾಸ



ಭಾನುವಾರ ಪೂಜೆಗೆ ಹೋಗ್ತೇವೆ, ಮನೆಯಲ್ಲಿ ಜಪಸರ ಮಾಡ್ತೇವೆ. ಸಂತೆಯಲ್ಲಿ ತಕ್ಕಡಿ ಹಿಡಿದಾಗ ನಮ್ಮ ವಿಶ್ವಾಸ ಎಲ್ಲಿರುತ್ತೆ?

ನಮ್ಮ ಸಂಘದವರು ಖಾರದಪುಡಿ ಮಾರುವಾಗ ತಕ್ಕಡಿ ಕಿಲೋಗೆ 50 ಗ್ರಾಂ ಕಡಿಮೆ ಕೊಡುತ್ತಿರುವುದು ಗೊತ್ತಾಯ್ತು. "ಯಾರಿಗೂ ತಿಳಿಯಲ್ಲ, ಸಾಲದ ಕಂತು ಕಟ್ಟಬೇಕಲ್ಲ" ಎಂದು ನಮ್ಮಲ್ಲೇ ಕೆಲವರು ಅಂದೆವು. ಆದರೆ 20 ಕಿಲೋ ಮಾರಿದರೆ ಒಂದು ಕಿಲೋ ನಮ್ಮಂಥ ಬಡವರಿಂದಲೇ ಕದ್ದಂತಲ್ಲವೇ? ಯೇಸುಸ್ವಾಮಿ ಮನೆಗೆ ಬಂದ ದಿನ ಜಕ್ಕಾಯನು ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ (ಲೂಕ 19).

ನಾವು ತಕ್ಕಡಿ ಸರಿಮಾಡಿಸಿ ಇಲಾಖೆಯ ಮುದ್ರೆ ಹಾಕಿಸಿದೆವು. ಗುರುತಿನ ಗಿರಾಕಿಗಳಿಗೆ ಕೊರತೆ ತುಂಬಿಕೊಟ್ಟೆವು. ಆ ತಿಂಗಳು ಲಾಭ ಇಳಿಯಿತು, ಕಂತಿಗೆ ಉಳಿತಾಯದ ಹಣವೇ ಹೋಯಿತು. ಆದರೆ ಈಗ ತಲೆಯೆತ್ತಿ ಸಂತೆಗೆ ಹೋಗ್ತೇವೆ.

ಮುಂದಿನ ಸಭೆಗೆ ಎಲ್ಲ ಸಂಘದವರೂ ತಮ್ಮ ತಕ್ಕಡಿ ತರೋಣ. ಒಮ್ಮೆ ಪರೀಕ್ಷಿಸಿ ನೋಡೋಣ.